ಗೋಡೆ ಕಡೆಗೆ ಸರಿದ ಮೇಜು

ನನಗೆ ಅರಳುಮರಳು ಎಂದು ಸಂದೇಶ ಕಳಿಸಿದ ಮಹಾನುಭಾವರು ಮೊದಲು ಕಿವಿ ತೊಳೆದುಕೊಂಡು ಬನ್ನಿ. ಕಳೆದ ವಾರ ನಾನು ಏನು ಹೇಳಿದೆ? ಕಂಟ್ರಿ ಕ್ಲಬ್ಬಿನ ಬಿಲಿಯರ್ಡ್ಸ್ ಮೇಜು ಕೋಣೆಯ ನಡುವೆ ಇರಲಿಲ್ಲ, ಒಂದು ಗೋಡೆಯ ಕಡೆಗೆ ಸರಿದಿತ್ತು ಎಂದೆ. ಅದಕ್ಕೆ ಒಬ್ಬರು, "ಅಜ್ಜಾ, ಅಂಥ ಮೇಜನ್ನ ಯಾರಾದ್ರೂ ಹಾಗೆ ಇಡ್ತಾರಾ? ಕೋಲು ಗೋಡೆಗೆ ಬಡಿಯಲ್ವಾ? ನಿಮಗೆ ಮರೆವು." ಅವರ ಹಿಂದೆ ಕುರಿಮಂದೆ ಹಾಗೆ ಇನ್ನಷ್ಟು ಜನ.

ಬಡಿಯುತ್ತದೆ ಸ್ವಾಮಿ! ಬಡಿದು ಬಡಿದು ಆ ಗೋಡೆಯಲ್ಲಿ ಸಾಲಾಗಿ ಗುಳಿ ಬಿದ್ದಿತ್ತು. ನನ್ನ ಹಲ್ಲು ಉದುರಿದೆ, ನೆನಪು ಉದುರಿಲ್ಲ. ಆ ಮೇಜು ಯಾಕೆ ಸರಿದಿತ್ತು ಅನ್ನುವುದರಲ್ಲೇ ಒಬ್ಬ ಮನುಷ್ಯನ ಪ್ರಾಣ ಸಿಕ್ಕಿಕೊಂಡಿದೆ. ಬಾಯಿ ಮುಚ್ಚಿಕೊಂಡು ಕೇಳಿ.

"ಚಪ್ಪಲಿ ನಡೆಯಲ್ಲ ಸಾರ್," ಎಂದ ಕ್ಲಬ್ಬಿನ ಬಾಗಿಲು ಕಾಯುವವ.

"ನಡೆಯುತ್ತಲ್ಲಯ್ಯಾ. ಇಲ್ಲೀವರೆಗೂ ಅದರಲ್ಲೇ ನಡ್ಕೊಂಡು ಬಂದೆ," ಎಂದ ದಫೇದಾರ.

ಕಾಯುವವ ನಗಲಿಲ್ಲ. ಗೋಡೆ ಬೀರು ತೆಗೆದ. ಸದಸ್ಯರು ಮರೆತು ಹೋದ ಬೂಟುಗಳೆಲ್ಲ ಅದರೊಳಗೆ ಅನಾಥರ ಹಾಗೆ ಕೂತಿದ್ದವು. ಇದ್ದುದರಲ್ಲಿ ಒಂದು ಜೊತೆ ದಫೇದಾರನ ಕಾಲಿಗೆ ಹೊಂದಿತು ಅನ್ನಬಹುದು, ಅಂದರೆ ಒಳಗೆ ಇನ್ನೊಂದು ಕಾಲಿಗೂ ಜಾಗವಿತ್ತು. ಗಟ್ಟಿ ಚರ್ಮದ ಹಿಮ್ಮಡಿ. ಎಡಗಾಲಿನದು ಭಾರ ಬಿಟ್ಟಾಗಲೆಲ್ಲ ಕಿರ್ ಎನ್ನುತ್ತಿತ್ತು.

ಒಂದು ಕಾಲದಲ್ಲಿ ಇವನ ಬೂಟಿನ ಸದ್ದು ಕೇಳಿದರೆ ಬೀದಿಯ ಜೂಜುಕೋರರು ಗೋಡೆ ಹಾರುತ್ತಿದ್ದರು. ಈಗ ನಿವೃತ್ತಿ. ಮೈಮೇಲೆ ಯೂನಿಫಾರ್ಮ್ ಇಲ್ಲ, ಕೈಯಲ್ಲಿ ಲಾಠಿ ಇಲ್ಲ, ಕಾಲಲ್ಲಿ ತನ್ನದೇ ಆದ ಚಪ್ಪಲಿಯೂ ಇಲ್ಲ.

ಹೊರಗೆ, ಬೇಲಿಗಿಡದ ಆಚೆಯ ಕಲ್ಲುಬೆಂಚಿನ ಮೇಲೆ ಅವನ ಅಕ್ಕ ಕೂತಿದ್ದಳು. ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಕುಡಿದಿರಲಿಲ್ಲ.

"ಬಾವಿಗೆ ಬಿದ್ದವನಿಗೆ ಆಳಿಗೊಂದು ಕಲ್ಲು ಕಣೋ ತಮ್ಮಾ," ಎಂದಿದ್ದಳು ಅವಳು. "ನಿನ್ನೆ ತನಕ ಭಾವಾ ಭಾವಾ ಅಂತ ಇವರ ಹಿಂದೆ ಸುತ್ತಿದವರು, ಇವತ್ತು ನನ್ನ ಕಂಡು ಮುಖ ತಿರುಗಿಸ್ತಾರೆ. ನೀನು ಅಷ್ಟು ವರ್ಷ ಪೊಲೀಸಲ್ಲಿದ್ದು ಏನು ಬಂತು? ನನ್ನ ಗಂಡನ್ನ ಲಾಕಪ್ಪಿಂದ ಬಿಡಿಸ್ಕೊಂಡು ಬರಕ್ಕಾಗಲ್ವಾ ನಿಂಗೆ?"

"ಸಂಜೆ ಒಳಗೆ ಏನಾದ್ರೂ ಹಿಡ್ಕೊಂಡು ಬರ್ತೀನಕ್ಕಾ," ಎಂದಿದ್ದ. ಏನು ಹಿಡಿದುಕೊಂಡು ಬರುತ್ತಾನೆ ಎಂದು ಅವನಿಗೇ ತಿಳಿದಿರಲಿಲ್ಲ.

ಹೊಸದಾಗಿ ಕೇಳುವವರಿಗೆ ಇಷ್ಟು ಸಾಕು. ಕ್ಲಬ್ಬಿನ ಅತ್ಯಂತ ಹಿರಿಯ ಸದಸ್ಯೆ, ಎಲ್ಲರೂ ಟೆನಿಸ್ ಅಜ್ಜಿ ಎನ್ನುವ ಮುದುಕಿ, ಪಂಪ್ ಮನೆಯ ಮೆಟ್ಟಿಲ ಬುಡದಲ್ಲಿ ಮೊನ್ನೆ ತಲೆ ಒಡೆದು ಬಿದ್ದು ಸಿಕ್ಕಿದಳು. ಯಾರೋ ಹೊಡೆದದ್ದು ಎಂದರು ಪೊಲೀಸರು. ಉಸಿರಿದೆ, ಎಚ್ಚರವಿಲ್ಲ. ಆಸ್ಪತ್ರೆಯಲ್ಲಿ ಒಮ್ಮೆ ಮಾತ್ರ ಕಣ್ಣು ತೆರೆದು ನರ್ಸಿನ ಕೈ ಹಿಡಿದು ಒಂದೇ ಮಾತು ಅಂದಳು: "ಭಾವ... ಭಾವ..."

ಕ್ಲಬ್ಬಿನಲ್ಲಿ ಭಾವ ಅಂದರೆ ಒಬ್ಬನೇ. ಈಜುಕೊಳ, ಪಂಪು, ಪೈಪು, ಒಡೆದ ನೆಲ, ಬಿರಿದ ಗೋಡೆ ಎಲ್ಲ ನೋಡಿಕೊಳ್ಳುವ ಮನುಷ್ಯ. ದಫೇದಾರನ ಅಕ್ಕನ ಗಂಡ. ಆ ಹೆಸರು ಇಟ್ಟವನೂ ದಫೇದಾರನೇ. ಹರೆಯದಲ್ಲಿ ಊಟದ ಹೊತ್ತಿಗೆ ಪಂಪ್ ಮನೆಗೆ ಬಂದು "ಭಾವಾ!" ಎಂದು ಅರಚುತ್ತಿದ್ದ. ಅಡುಗೆಯವರು ಕೇಳಿಸಿಕೊಂಡರು, ಮಾಲಿಗಳು ಕಲಿತರು, ಕೊನೆಗೆ ಕ್ಲಬ್ಬಿನ ಅಧ್ಯಕ್ಷರೂ ಭಾವ ಎನ್ನತೊಡಗಿದರು. "ಊರಿಗೆಲ್ಲ ಭಾವ, ಅಕ್ಕ ಮಾತ್ರ ನನಗೊಬ್ಬನಿಗೆ," ಎಂದು ದಫೇದಾರ ನಗುತ್ತಿದ್ದ. ಆ ನಗುವೇ ಈಗ ಭಾವನ ಕೊರಳಿಗೆ ಹಗ್ಗ.

ಇನ್‌ಸ್ಪೆಕ್ಟರ್ ಒಳ್ಳೆಯವನೇ. "ಆ ಮಾತಿಗೆ ಬೇರೆ ಅರ್ಥ ಇದ್ರೆ ತೋರಿಸಿ ದಫೇದಾರ್ರೇ. ಸಂಜೆ ತನಕ ಕಾಯ್ತೀನಿ. ಆಮೇಲೆ ಜೈಲಿಗೆ ಕಳಿಸೋದು ಬಿಟ್ಟು ನನಗೂ ದಾರಿ ಇಲ್ಲ," ಎಂದಿದ್ದ.

ಸದಸ್ಯನಲ್ಲದವನು ಕ್ಲಬ್ಬಿನ ಒಳಗೆ ಕಾಲಿಡಬೇಕಾದರೆ ಸದಸ್ಯರೊಬ್ಬರು ಜೊತೆಗಿರಬೇಕು. ಆ ಪುಣ್ಯಾತ್ಮ ಹಲ್ಲು ಡಾಕ್ಟರು. ದುಂಡಗಿನ ಮನುಷ್ಯ. ಬಾಯಿ ಬಿಡಿಸುವುದು ಅವರ ಕೆಲಸ, ತಮ್ಮ ಬಾಯಿ ಮುಚ್ಚುವುದು ಅವರಿಗೆ ಬರದು.

"ನಾನಿದೀನಿ, ಬನ್ನಿ," ಎಂದರು ಡಾಕ್ಟರು. "ಆದ್ರೆ ಕೆಲಸದವರನ್ನ ನೀವು ಏನೂ ಕೇಳೋ ಹಾಗಿಲ್ಲವಂತೆ. ಅತಿಥಿಗಳಿಗೆ ಕ್ಲಬ್ ತೋರಿಸಬಹುದು ಅಷ್ಟೇ ಅಂತ ಸೆಕ್ರೆಟರಿ ಹೇಳಿದಾರೆ. ಅವರೇ ತೋರಿಸ್ತಾರಂತೆ."

"ನಾನೇನು ಇಲ್ಲಿ ಟೆನಿಸ್ ಕಲಿಯಕ್ಕೆ ಬಂದಿದೀನಾ ಡಾಕ್ಟ್ರೇ?"

"ನನಗೆ ಗೊತ್ತು, ನಿಮಗೆ ಗೊತ್ತು. ಸೆಕ್ರೆಟರಿಗೂ ಗೊತ್ತು. ಅದಕ್ಕೇ ತೋರಿಸ್ತಿದಾರೆ."

ಸೆಕ್ರೆಟರಿ ಬಂದರು. ಇಸ್ತ್ರಿ ಅಂಗಿಯಷ್ಟೇ ಇಸ್ತ್ರಿಯಾದ ಮುಖ. ಕೈ ಮುಗಿದರು, ಕೂಡಲೇ ಶುರು ಹಚ್ಚಿಕೊಂಡರು. ನೂರು ವರ್ಷದ ಕ್ಲಬ್ಬು ಇದು. ಹತ್ತಿ ಗಿರಣಿಯ ಯಜಮಾನರು ಕೆಲವರು ಸೇರಿ, ಈ ಬೋಳು ಗುಡ್ಡದ ಮೇಲೆ ಮೊದಲು ಹುಲ್ಲಿನ ಚಾವಣಿ ಹಾಕಿ ಕಟ್ಟಿದ್ದು. ಬೆಂಕಿ ಬಿದ್ದು ಹುಲ್ಲು ಹೋಯಿತು, ಹೆಂಚು ಬಂತು. ಮುಂದಿನ ವಾರವೇ ನೂರನೇ ವರ್ಷದ ಸಮಾರಂಭ.

"ಇದು ನಮ್ಮ ನೃತ್ಯದ ಹಾಲು. ಪೂರ್ತಿ ಮರದ ನೆಲ."

ಕಿರ್, ಎಂದಿತು ಬೂಟು.

"ಇದು ಗ್ರಂಥಾಲಯ."

"ಊರಲ್ಲಿ ಇಷ್ಟು ಚೆನ್ನಾಗಿ ನಿದ್ದೆ ಬರೋ ಜಾಗ ಇನ್ನೊಂದಿಲ್ಲ," ಎಂದರು ಡಾಕ್ಟರು.

"ಅಲ್ಲಿ ಕಾಣೋದು ಗಾಲ್ಫ್ ಮೈದಾನ. ಆ ಕಡೆ ಹಬೆ ಸ್ನಾನದ ಕೋಣೆ. ಮಕ್ಕಳಿಗೆ ಬೇರೆ ಈಜುಕೊಳ ಇದೆ."

ದಫೇದಾರ ಕೈಕಟ್ಟಿಕೊಂಡು ಹಿಂದೆ ಹಿಂದೆ ನಡೆದ. ಮಾಲಿ ಎದುರಾದ, ತಲೆ ತಗ್ಗಿಸಿದ. ಅಡುಗೆಯವ ಎದುರಾದ, ಸೌಟು ಹಿಡಿದುಕೊಂಡೇ ಒಳಗೆ ಸರಿದ. ಇಬ್ಬರೂ ಭಾವನ ಕೈಯಿಂದ ಬೀಡಿ ಇಸಿದುಕೊಂಡು ಸೇದಿದವರು. ಕೇಳಬೇಕಾದ ಪ್ರಶ್ನೆಗಳು ನಾಲಿಗೆಯ ತುದಿಯಲ್ಲಿದ್ದವು, ಕೇಳುವ ಹಕ್ಕು ಇರಲಿಲ್ಲ. ಕೈಲಾಗದವನು ಮೈ ಪರಚಿಕೊಂಡ ಅಂತಾರಲ್ಲ, ದಫೇದಾರನಿಗೆ ಪರಚಿಕೊಳ್ಳುವುದಕ್ಕೂ ಸೆಕ್ರೆಟರಿಯ ಅಪ್ಪಣೆ ಬೇಕಿತ್ತು.

ಟೆನಿಸ್ ಅಂಗಳದ ಹತ್ತಿರ ಡಾಕ್ಟರು ಬಗ್ಗಿ, ಬಲೆ ಕಟ್ಟುವ ಕಂಬದ ಬುಡ ತೋರಿಸಿದರು. ಸಿಮೆಂಟಿನಲ್ಲಿ ಒಂದು ಸೋಡಾ ಬಾಟಲಿಯ ಮುಚ್ಚಳ ಹೂತಿತ್ತು. ಅದರ ಹಲ್ಲು ಹಲ್ಲಾದ ಅಂಚು ಬಿಸಿಲಿಗೆ ಮಿನುಗುತ್ತಿತ್ತು.

"ಇದು ನಿಮ್ಮ ಭಾವನ ಸಹಿ. ಎಲ್ಲೇ ಸಿಮೆಂಟ್ ಹಾಕಲಿ, ಹಸಿ ಇದ್ದಾಗ ಮೂಲೇಲಿ ಒಂದು ಮುಚ್ಚಳ ಒತ್ತಿಬಿಡ್ತಾನೆ. ಈಜುಕೊಳದ ಮೆಟ್ಟಿಲಲ್ಲಿ ಇದೆ, ಕೈತೊಳೆಯೋ ತೊಟ್ಟಿ ಹತ್ರ ಇದೆ. 'ಯಾಕಯ್ಯಾ' ಅಂದ್ರೆ, 'ಬಿರುಕು ಬಿಟ್ರೆ ನನ್ನನ್ನೇ ಬಯ್ಯಲಿ, ಬೇರೆಯವರನ್ನ ಬಯ್ಯೋದು ಬೇಡ' ಅಂತಾನೆ."

ದಫೇದಾರನಿಗೆ ಗೊತ್ತಿತ್ತು. ಅಕ್ಕನ ಮನೆಯ ಹೊಸಿಲ ಮುಂದೆಯೂ ಅಂಥದೊಂದು ಇದೆ.

"ಅಜ್ಜಿಗೆ ಅದನ್ನ ಕಂಡರೆ ಬಲು ಖುಷಿ," ಡಾಕ್ಟರು ಮುಂದುವರಿಸಿದರು. "'ಮರೀ, ಇನ್ನೊಂದು ಸಹಿ ಹಾಕಿದ್ಯಾ' ಅಂತ ಇಲ್ಲಿಂದಲೇ ಕೂಗೋರು."

ದಫೇದಾರ ನಿಂತ. "ಏನಂತ ಕೂಗೋರು?"

"ಮರೀ ಅಂತ."

"ಭಾವ ಅಂತಿರಲಿಲ್ವಾ?"

"ಅಯ್ಯೋ, ಯಾರಾದ್ರೂ ಭಾವ ಅಂದ್ರೆ ಬಯ್ಯೋರು. 'ಅವನ ಹೆಂಡತಿ ನಿಮಗೇನು ಒಡಹುಟ್ಟಿದೋಳೇನ್ರೋ?' ಅಂತ. ನಾನೂ ಒಂದ್ಸಲ ಬೈಸ್ಕೊಂಡಿದೀನಿ."

ಜೀವಮಾನವಿಡೀ ಮರಿ ಎಂದವಳು, ಸಾವಿನ ಬಾಗಿಲಲ್ಲಿ ನಿಂತು ಯಾಕೆ ಭಾವ ಅನ್ನುತ್ತಾಳೆ?

"ಕೇಳಿಸ್ಕೊಂಡ್ರಾ ಸಾರ್?" ಎಂದು ದಫೇದಾರ ಸೆಕ್ರೆಟರಿಯ ಕಡೆ ತಿರುಗಿದ.

"ಕೇಳಿಸ್ಕೊಂಡೆ," ಎಂದರು ಸೆಕ್ರೆಟರಿ, ಸುಕ್ಕು ಬೀಳದ ದನಿಯಲ್ಲಿ. "ಎಚ್ಚರ ತಪ್ಪಿದೋರು ಏನು ಬೇಕಾದ್ರೂ ಅಂತಾರೆ. ಅವರು ಭಾವ ಅನ್ನಲಿಲ್ಲ ಅಂದ್ರೆ ಮತ್ತೇನು ಅಂದ್ರು, ಅದನ್ನ ಹೇಳಿ. ಹೇಳಿದ್ರೆ ನಾನೇ ಇನ್‌ಸ್ಪೆಕ್ಟರಿಗೆ ಫೋನ್ ಮಾಡ್ತೀನಿ."

ಬಿಸಿಲು ಆಗಲೇ ಬಲೆಯ ನೆರಳನ್ನು ಅಂಗಳದ ಆಚೆಯ ಗೆರೆಯ ತನಕ ಎಳೆದಿತ್ತು.

"ಕೊನೆಯದಾಗಿ ಬಿಲಿಯರ್ಡ್ಸ್ ಕೋಣೆ," ಎಂದರು ಸೆಕ್ರೆಟರಿ. "ಕ್ಲಬ್ಬಿನಲ್ಲೇ ಹಳೇ ಕೋಣೆ. ಬೆಂಕಿ ಬಿದ್ದಾಗ ಉಳಿದದ್ದು ಇದೊಂದೇ."

ಒಳಗೆ ಹೆಜ್ಜೆಯಿಟ್ಟರೆ ಮೈ ತಣ್ಣಗಾಯಿತು. ಹೊರಗೆ ಕಾದ ಹೆಂಚು, ಒಳಗೆ ಮಡಕೆಯ ಪಕ್ಕ ಕೂತ ಹಾಗೆ. ನೆಲಕ್ಕೆಲ್ಲ ಹಸಿರು ಬಣ್ಣ ಮಾಸಿದ ನಾರಿನ ಹಾಸು. ಮೇಜು, ನಾನು ಹೇಳಿದ ಹಾಗೆಯೇ, ಗೋಡೆ ಕಡೆಗೆ. ಗೋಡೆಯಲ್ಲಿ ಗುಳಿಗಳು. ಈಗಲಾದರೂ ನಂಬಿದಿರಾ?

"ನಡುವೆ ಇಷ್ಟು ಜಾಗ ಖಾಲಿ ಬಿಟ್ಟು ಮೇಜನ್ನ ಯಾಕೆ ಅತ್ತ ಇಟ್ಟಿದಾರೆ?" ಕೇಳಿದ ದಫೇದಾರ.

"ಕಿಟಕಿ ಬೆಳಕಿಗೆ," ಎಂದರು ಸೆಕ್ರೆಟರಿ.

ಕಿಟಕಿ ಇದ್ದದ್ದು ಎದುರು ಗೋಡೆಯಲ್ಲಿ.

ದಫೇದಾರ ಕಿಟಕಿಯತ್ತ ನಡೆದ. ಅದರ ಆಚೆ ಬೇಲಿಗಿಡ, ಬೇಲಿಗಿಡದ ಮೇಲೆ ಅಕ್ಕನ ತಲೆಯ ಸೆರಗು. ಅವಳಿಗೆ ಮುಖ ತೋರಿಸಲು ಧೈರ್ಯ ಸಾಲದೆ ಹಿಂದಕ್ಕೆ ತಿರುಗಿದ. ಟಕ್, ಕಿರ್, ಟಕ್, ಕಿರ್. ಕೋಣೆಯ ನಡುವಿಗೆ ಬಂದ.

ಡಬ್.

ಕಾಲು ಎತ್ತಿ ಮತ್ತೆ ಇಟ್ಟ. ಡಬ್. ಹಾಸಿನ ಕೆಳಗೆ ಎಲ್ಲೋ ಆಳದಲ್ಲಿ ಆ ಸದ್ದು ಒಂದು ಸುತ್ತು ಹೊಡೆದು ಬಂದಂತಿತ್ತು. ಅವನ ಸ್ವಂತ ಚಪ್ಪಲಿಯಾಗಿದ್ದರೆ ಈ ಸದ್ದು ಬರುತ್ತಲೇ ಇರಲಿಲ್ಲ.

"ಇದೇನ್ರೀ ಇದು," ಎಂದರು ಡಾಕ್ಟರು. "ಒಳಗೆ ಟೊಳ್ಳು!"

ಬಾವಿಗೆ ಬಿದ್ದವನಿಗೆ ಆಳಿಗೊಂದು ಕಲ್ಲು. ಅಕ್ಕನ ಮಾತು ದಫೇದಾರನ ತಲೆಯೊಳಗೆ ಆ ಸದ್ದಿನ ಜೊತೆಯೇ ಸುತ್ತು ಹೊಡೆಯಿತು. ಬಾವಿಗೆ ಬಿದ್ದವನಿಗೆ. ಬಾವಿಗೆ. ಬಾವಿ.

"ಡಾಕ್ಟ್ರೇ," ಎಂದ ದಫೇದಾರ. "ಅಜ್ಜಿಯ ಹಲ್ಲು?"

"ನನ್ನ ಹತ್ರಾನೇ ಇದೆ." ಡಾಕ್ಟರು ಜೇಬಿನಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದರು. ಒಡೆದ ಹಲ್ಲಿನ ಸೆಟ್ಟು ಎಲ್ಲರನ್ನೂ ನೋಡಿ ನಕ್ಕಿತು. "ಬಿದ್ದಾಗ ಮುರೀತು. ರಿಪೇರಿಗೆ ತಂದಿದೀನಿ."

"ಅಂದ್ರೆ ನರ್ಸಿನ ಹತ್ರ ಮಾತಾಡಿದಾಗ ಬಾಯಲ್ಲಿ ಹಲ್ಲಿರಲಿಲ್ಲ."

"ಒಂದೂ ಇರಲಿಲ್ಲ."

"ಮಾತಿನ ಕೊನೆ ಗಾಳಿ ಥರ ಹೋಯ್ತು ಅಂತ ನರ್ಸ್ ನನಗೆ ಹೇಳಿದಳು. ಹಲ್ಲಿಲ್ಲದ ಬಾಯಲ್ಲಿ, ಉಸಿರು ಸಾಲದೆ, 'ಬಾವಿ' ಅಂದ್ರೆ ಹೇಗೆ ಕೇಳ್ಸುತ್ತೆ ಡಾಕ್ಟ್ರೇ?"

ಡಾಕ್ಟರು ತುಟಿಗಳನ್ನು ಒಳಕ್ಕೆ ಎಳೆದುಕೊಂಡು ಮುದುಕಿಯಾದರು. "ಬಾವ್... ಬಾವ..." ಎಂದರು. ಕಣ್ಣು ಅಗಲವಾಯಿತು. "ಅಯ್ಯೋ ಶಿವನೇ!"

ನಮ್ಮ ಬಾಯಲ್ಲಿ ಭಕ್ಕೂ ಬಕ್ಕೂ ಯಾವತ್ತು ಜಗಳವಿತ್ತು? ಬಾವಿ ಅಂದವಳ ಮಾತಿನ ಬಾಲ ಕತ್ತರಿಸಿ, ತಲೆಗೆ ಒಂದು ಒತ್ತು ಕೊಟ್ಟು, ಒಬ್ಬ ಮನುಷ್ಯನನ್ನು ಲಾಕಪ್ಪಿಗೆ ಹಾಕಿದ್ದರು.

ದಫೇದಾರ ಸೆಕ್ರೆಟರಿಯ ಎದುರು ಹೋಗಿ ನಿಂತ. "ಇಲ್ಲಿ ಬಾವಿ ಇತ್ತಾ?"

"ಇಲ್ಲ. ಮೊದಲಿನಿಂದಲೂ ನೀರು ಕೆರೆಯಿಂದ ಪೈಪಲ್ಲಿ ಬರೋದು."

"ಬೋಳು ಗುಡ್ಡ ಅಂದ್ರಿ. ಕೆರೆ ಇರೋದು ಕೆಳಗೆ. ನೂರು ವರ್ಷದ ಹಿಂದೆ, ಹುಲ್ಲಿನ ಚಾವಣಿಯ ಕಾಲದಲ್ಲಿ, ಪಂಪು ಯಾರು ತಂದಿದ್ರು ಸಾರ್? ಬೆಂಕಿ ಬಿದ್ದಾಗ ಈ ಕೋಣೆ ಒಂದೇ ಯಾಕೆ ಉಳೀತು? ನೀರು ಕೈಗೆ ಸಿಕ್ಕಿದ್ದು ಇಲ್ಲೇ ಅಂತ ತಾನೇ?"

"ನೀವು ಅತಿಥಿಗಳು. ಪ್ರಶ್ನೆ ಕೇಳೋ ಹಾಗಿಲ್ಲ ಅಂತ..."

"ನಾನು ಕೇಳ್ತೀನಿ," ಎಂದರು ಹಲ್ಲು ಡಾಕ್ಟರು. ಅವರ ದುಂಡು ಮುಖದಲ್ಲಿ ಅಂಥ ಗಡುಸು ದಫೇದಾರ ಕಂಡಿದ್ದು ಅದೇ ಮೊದಲು. "ನಾನು ಸದಸ್ಯ. ಸಮಾರಂಭದ ದಿನ ಕ್ಲಬ್ಬು ಹುಟ್ಟಿದ್ದು ಎಲ್ಲಿ ಅಂತ ಎಲ್ಲರಿಗೂ ತೋರಿಸ್ತೀನಿ ಅಂದಿದ್ರು ಅಜ್ಜಿ. ಏನನ್ನ ತೋರಿಸೋರಿದ್ರು?"

ಸೆಕ್ರೆಟರಿಯ ಮುಖದ ಇಸ್ತ್ರಿ ಮೊದಲ ಸಲ ಸುಕ್ಕಾಯಿತು.

"ಇತ್ತು," ಎಂದರು ಕೊನೆಗೆ. "ಗಿರಣಿಯವರು ಬಾವಿ ಸುತ್ತ ಕೂತು ಹರಟೆ ಹೊಡೀತಿದ್ರಂತೆ. ಬಾಟಲಿಗಳನ್ನ ಬುಟ್ಟೀಲಿಟ್ಟು ತಣ್ಣಗಾಗಕ್ಕೆ ಇಳಿಬಿಡ್ತಿದ್ರಂತೆ. ಆಮೇಲೆ ಅದರ ಸುತ್ತಾನೇ ಗೋಡೆ ಎದ್ದಿತು. ಚಪ್ಪಡಿ ಮುಚ್ಚಿ, ನಡುವೆ ಒಂದು ಬಾಯಿ ಬಿಟ್ಟು, ಮರದ ಮುಚ್ಚಳ ಹಾಕಿದ್ರು. ಚಪ್ಪಡಿ ಮೇಲೆ ಅಷ್ಟು ಭಾರದ ಮೇಜು ಇಡೋ ಹಾಗಿಲ್ಲ, ಅದಕ್ಕೇ ಅತ್ತ ಸರಿಸಿದ್ದು. ಮಕ್ಕಳು ಬರೋ ಜಾಗ, ಬಾವಿ ಅಂದ್ರೆ ಜನ ಹೆದರ್ತಾರೆ ಅಂತ ನಾನು ಹೇಳಲ್ಲ. ಅಷ್ಟೇ. ಅದನ್ನ ಯಾರೂ ಮುಟ್ಟಿ ಎಷ್ಟೋ ಕಾಲ ಆಯ್ತು."

"ಹಾಸು ತೆಗೀರಿ."

"ಅತಿಥಿಗಳು ಕ್ಲಬ್ಬಿನ ಸಾಮಾನು..."

"ಸದಸ್ಯ ಎಳೀತಾನೆ, ಸರೀರಿ ಆಚೆ!" ಡಾಕ್ಟರು ಆಗಲೇ ಮಂಡಿಯೂರಿದ್ದರು. ಹಲ್ಲು ಕೀಳುವ ಕೈ ಅದು. ಒಂದೇ ಎಳೆತಕ್ಕೆ ಹಾಸು ಧೂಳೆಬ್ಬಿಸಿಕೊಂಡು ಸುರುಳಿಯಾಯಿತು.

ಕೆಳಗೆ ಕಪ್ಪು ಚಪ್ಪಡಿ. ನಡುವೆ, ಮರದ ಮುಚ್ಚಳ ಇರಬೇಕಾದ ಕಡೆ, ದುಂಡಗೆ ಬಳಿದ ಸಿಮೆಂಟು. ಹೊಚ್ಚ ಹೊಸದು. ಅಂಚಿನಲ್ಲಿ ಇನ್ನೂ ಹಸಿಯ ಕಪ್ಪು ಆರಿರಲಿಲ್ಲ.

"ಇದು... ಇದು ಹೇಗೆ..." ಸೆಕ್ರೆಟರಿ ತೊದಲಿದರು. ಜೀವಮಾನದಲ್ಲಿ ಸಾವಿರ ಸುಳ್ಳು ಕೇಳಿದ ದಫೇದಾರನ ಕಿವಿಗೆ ಆ ತೊದಲು ನಿಜವೆಂದೇ ಕೇಳಿಸಿತು. ಈ ಮನುಷ್ಯನಿಗೆ ಗೊತ್ತಿರಲಿಲ್ಲ.

ಡಾಕ್ಟರು ಆಗಲೇ ಫೋನ್ ಕಿವಿಗಿಟ್ಟಿದ್ದರು. "ಇನ್‌ಸ್ಪೆಕ್ಟ್ರೇ, ಓಡಿ ಬನ್ನಿ! ಅಜ್ಜಿ ಅಂದಿದ್ದು ಭಾವ ಅಲ್ಲ, ಬಾವಿ! ಬಾವಿ ಸಿಕ್ತು! ಯಾರೋ ಮೊನ್ನೆ ಮೊನ್ನೆ ಅದರ ಬಾಯಿ ಮುಚ್ಚಿದಾರೆ. ಯಾರು ಮುಚ್ಚಿದರೋ ಅವರೇ ಅಜ್ಜಿನ ಹೊಡೆದಿದ್ದು, ಅಷ್ಟೇ! ಹಾಂ? ಗೇಟ್ ಹತ್ರಾನೇ ಇದೀರಾ? ಬನ್ನಿ ಬನ್ನಿ!"

ದಫೇದಾರನ ಎದೆಯ ಮೇಲಿದ್ದ ಕಲ್ಲು ಇಳಿಯಿತು. ಅಕ್ಕನಿಗೆ ಕೂಗಿ ಹೇಳೋಣವೆಂದು ಕಿಟಕಿಯತ್ತ ತಿರುಗಿದವನು, ತಿರುಗುವಾಗ ಸುಮ್ಮನೆ ಒಮ್ಮೆ ಕೆಳಗೆ ನೋಡಿದ.

ಸಿಮೆಂಟಿನ ಅಂಚಿನಲ್ಲಿ, ಧೂಳು ಮುಸುಕಿದ ಒಂದು ಚಿಕ್ಕ ದುಂಡು. ಸುತ್ತ ಹಲ್ಲು ಹಲ್ಲಾದ ಅಂಚು.

ಸೋಡಾ ಮುಚ್ಚಳ.

ಯೋಚಿಸಿ ಮಾಡಿದ್ದಲ್ಲ, ಕಾಲು ತಾನಾಗಿ ಹೋಯಿತು. ಯಾರದೋ ಮರೆತ ಬೂಟು, ಎರಡು ಕಾಲಿಗೆ ಸಾಲುವಷ್ಟು ದೊಡ್ಡದು, ಆ ಮುಚ್ಚಳವನ್ನು ಪೂರ್ತಿ ಮುಚ್ಚಿತು. ಅಷ್ಟು ವರ್ಷದ ನೌಕರಿಯಲ್ಲಿ ಒಂದು ಸಾಕ್ಷಿಯನ್ನೂ ಮುಚ್ಚಿಟ್ಟವನಲ್ಲ ಅವನು.

ಇವತ್ತು ಬೆಳಿಗ್ಗೆ ಲಾಕಪ್ಪಿನ ಸರಳು ಹಿಡಿದುಕೊಂಡು ಭಾವ ಹೇಳಿದ್ದು ನೆನಪಾಯಿತು. "ನನಗೇನೂ ಗೊತ್ತಿಲ್ಲಪ್ಪಾ. ನಾನು ಆವತ್ತು ಈಜುಕೊಳ ಬಿಟ್ಟು ಎಲ್ಲಿಗೂ ಹೋಗಿಲ್ಲ."

ಬೇಲಿಗಿಡದ ಮೇಲಿಂದ ಅಕ್ಕನ ಮುಖ ಎದ್ದಿತು. ಡಾಕ್ಟರ ಕೂಗು ಅವಳಿಗೂ ಕೇಳಿಸಿತ್ತು. "ತಮ್ಮಾ! ಸಿಕ್ತೇನೋ? ನಿನ್ನ ಭಾವನ್ನ ಬಿಡ್ತಾರೇನೋ?" ಅಳುತ್ತಲೇ ನಗುತ್ತಿದ್ದಳು.

ಹೊರಗೆ ಜೀಪು ನಿಂತ ಸದ್ದು. ಮೊಗಸಾಲೆಯಲ್ಲಿ ಇನ್‌ಸ್ಪೆಕ್ಟರನ ಬೂಟು, ಟಕ್ ಟಕ್ ಟಕ್.

"ಕಾಲು ಸ್ವಲ್ಪ ಆ ಕಡೆ ಇಡಿ ದಫೇದಾರ್ರೇ," ಎಂದರು ಹಲ್ಲು ಡಾಕ್ಟರು, ಫೋನನ್ನು ಸಿಮೆಂಟಿನ ನೇರಕ್ಕೆ ಹಿಡಿದು, ಮುಖ ತುಂಬ ನಗುತ್ತ. "ಫೋಟೋಗೆ ಅಡ್ಡ ಬರ್ತಿದೆ."

ಕಿರ್, ಎಂದಿತು ಎಡಗಾಲಿನ ಬೂಟು.

ನಿಮ್ಮಲ್ಲಿ ಯಾರಿಗೆ ಅಕ್ಕ ಇದ್ದಾಳೋ, ಅಕ್ಕನಿಗೊಬ್ಬ ಗಂಡ ಇದ್ದಾನೋ, ಅವರು ಇದನ್ನು ಮೊದಲು ಆ ಅಕ್ಕನಿಗೇ ಕಳಿಸಿ. ಪೂರ್ತಿ ಕೇಳಿಸಿಕೊಂಡ ಮೇಲೆ ಆ ಕಾಲು ಎತ್ತಬೇಕೋ ಬೇಡವೋ ಎಂದು ಅವಳನ್ನೇ ಕೇಳಿ. ಅವಳು ಏನು ಅಂದಳೆಂದು ನನಗೆ ಹೇಳಬೇಡಿ, ಇನ್ನೊಬ್ಬರಿಗೆ ದಾಟಿಸಿ.